ಅರ್ಧ ಜೋಳ, ಅರ್ಧ ನುಚ್ಚು

ಕಾಗದದ ಗಿರಣಿಯ ಬೆಳಗಿನ ಪಾಳಿಯ ಭೋಂಗಾ ಊದುವುದಕ್ಕೆ ಎರಡು ತಾಸು ಮೊದಲೇ ದಾಂಡೇಲಿಯ ರೊಟ್ಟಿ ಸಂಘದ ಹನ್ನೊಂದು ಒಲೆಗಳು ಹೊತ್ತಿಕೊಳ್ಳುತ್ತಿದ್ದವು. ಒಂದು ಕಾಲಕ್ಕೆ ಕಟ್ಟಿಗೆ ಅಡ್ಡೆಯಾಗಿದ್ದ ಉದ್ದನೆಯ ತಗಡಿನ ಮಾಡಿನ ಕೆಳಗೆ ಇಪ್ಪತ್ತೆರಡು ಹೆಂಗಸರು ಒಲೆಗಿಬ್ಬರಂತೆ ಕುಳಿತು, ಒಬ್ಬಳು ಬಡಿಯುತ್ತ ಇನ್ನೊಬ್ಬಳು ಬೇಯಿಸುತ್ತ, ಬೆಳಕು ಹರಿಯುವ ಹೊತ್ತಿಗೆ ಬುಟ್ಟಿಗಳನ್ನು ತುಂಬಿಸಿಬಿಡುತ್ತಿದ್ದರು. ಕಡಪಾ ಕಲ್ಲಿನ ಮೇಲೆ ಅಂಗೈ ಬೀಳುವ ಸಪ್ಪಳ ರಸ್ತೆಯ ತಿರುವಿನವರೆಗೂ ಕೇಳುತ್ತಿತ್ತು. ಆ ಸಪ್ಪಳದಲ್ಲಿ ಯಾರ ಕೈ ಯಾವುದೆಂಬುದನ್ನು ಸುಶೀಲವ್ವ ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳಾಗಿದ್ದಳು.

ಅರವತ್ತನಾಲ್ಕು ವರ್ಷದ ಸುಶೀಲವ್ವ ಧಾರವಾಡ ಜಿಲ್ಲೆಯ ಎರೆಮಣ್ಣಿನ ಸೀಮೆಯವಳು. ಗಂಡ ದುರ್ಗಪ್ಪ ಗಿರಣಿಯ ಬಾಯ್ಲರಿನಲ್ಲಿ ಕೆಲಸ ಹಿಡಿದ ವರ್ಷ, ಒಂದು ಟ್ರಂಕು ಮತ್ತು ತವರಿನ ಒಂದು ಹಂಚಿನೊಡನೆ ಈ ಊರಿಗೆ ಬಂದಿದ್ದಳು. ಟ್ರಂಕು ತುಕ್ಕು ಹಿಡಿದು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಹಂಚು ಮಾತ್ರ ಇನ್ನೂ ಸಂಘದ ಮೊದಲನೆಯ ಒಲೆಯ ಮೇಲೆ ಕುಳಿತಿತ್ತು. ಮಹಾಮಾರಿಯ ಆ ವರ್ಷದಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡು ಕೂತಾಗ, ಗುತ್ತಿಗೆ ಕೂಲಿಕಾರರ ಮನೆಗಳಲ್ಲಿ ಒಲೆ ಹೊತ್ತದ ದಿನಗಳು ಬಂದವು. ಆಗ ಸುಶೀಲವ್ವ ಮತ್ತು ಓಣಿಯ ಮೂವರು ಹೆಂಗಸರು ತಮ್ಮ ತಮ್ಮ ಮನೆಯ ಹಿಟ್ಟನ್ನು ಒಂದೇ ಪರಾತದಲ್ಲಿ ಸುರಿದು ಹಿತ್ತಿಲಿನಲ್ಲಿ ರೊಟ್ಟಿ ಬಡಿಯಲು ಆರಂಭಿಸಿದರು. ನಾಲ್ವರು ಹತ್ತಾದರು, ಹತ್ತು ಮಂದಿ ಇಪ್ಪತ್ತೆರಡಾದರು; ಸಂಘ ನೋಂದಣಿಯಾಯಿತು. ಗ್ಯಾಸಿನ ಬೆಲೆ ಏರಿದಾಗ ದುರ್ಗಪ್ಪ ಹಳೆಯ ಡ್ರಮ್ಮುಗಳನ್ನು ಕೊರೆದು, ಸಾಮಿಲ್ಲುಗಳಲ್ಲಿ ಬೀಳುವ ಗರಗಸದ ಹೊಟ್ಟಿನಿಂದ ಉರಿಯುವ ಒಲೆಗಳನ್ನು ಮಾಡಿಕೊಟ್ಟನು. ತರಕಾರಿ ತುಟ್ಟಿಯಾದಾಗ ಕುಂಬಾರವಾಡದ ಕಡೆಯಿಂದ, ಬಸ್ಸು ಬಂದ ದಿನ, ಜೋಯಿಡಾ ಕಾಡಂಚಿನ ಗೆಡ್ಡೆಗೆಣಸುಗಳು ಬರತೊಡಗಿ ಪಲ್ಯದ ಪಾತ್ರೆ ತುಂಬಿದವು. ಹೀಗೆ ಸುತ್ತಲಿನ ಎಲ್ಲವೂ ಏರುತ್ತಿದ್ದರೂ, ಎರಡು ರೊಟ್ಟಿ, ಒಂದು ಪಲ್ಯ, ಒಂದು ಚಮಚ ಗುರೆಳ್ಳು ಚಟ್ನಿಯ ಪೊಟ್ಟಣದ ದರ ಮೂರು ವರ್ಷದಿಂದ ಹದಿನೈದು ರೂಪಾಯಿಯಲ್ಲೇ ನಿಂತಿತ್ತು. ಆ ನಿಲುವೇ ಸಂಘದ ಮಾನವಾಗಿತ್ತು.

ಸಂಘಕ್ಕೆ ಎರಡು ಪದ್ಧತಿಗಳಿದ್ದವು. ಎರಡನ್ನೂ ಸುಶೀಲವ್ವನೇ ತಂದವಳು. ಬೆಳಿಗ್ಗೆ ಒಬ್ಬೊಬ್ಬಳು ಬಡಿದ ಮೊದಲ ರೊಟ್ಟಿ ಮಾರಾಟಕ್ಕೆ ಹೋಗುತ್ತಿರಲಿಲ್ಲ. ಅದು ಹಿಂಬಾಗಿಲ ಹೊರಗೆ ಮೊಳೆಗೆ ತೂಗುಹಾಕಿದ ಬುಟ್ಟಿಗೆ ಹೋಗುತ್ತಿತ್ತು. ಕೈಯಲ್ಲಿ ಹದಿನೈದು ರೂಪಾಯಿಯೂ ಇಲ್ಲದವರು ಯಾರಾದರೂ ಬಂದು ಅದರಿಂದ ತೆಗೆದುಕೊಳ್ಳಬಹುದು. ಹತ್ತು ಗಂಟೆಯವರೆಗೆ ಆ ಬಾಗಿಲಿನತ್ತ ಸಂಘದವರು ಯಾರೂ ಕಣ್ಣೆತ್ತಿಯೂ ನೋಡಬಾರದು. ಇನ್ನೊಂದು ಪದ್ಧತಿ ರೊಟ್ಟಿಯ ಅಂಚಿನದು. ಹೊಸದಾಗಿ ಸೇರುವವಳ ರೊಟ್ಟಿಯನ್ನು ಸುಶೀಲವ್ವ ಕಿಟಕಿಯ ಬೆಳಕಿಗೆ ಹಿಡಿದು, ಸುತ್ತಲೂ ತಿರುಗಿಸಿ, ಅಂಚು ನೋಡುತ್ತಿದ್ದಳು. ಅಂಚು ಒಡೆದ ರೊಟ್ಟಿಯನ್ನು ಮಾರುವಂತಿಲ್ಲ, ಬುಟ್ಟಿಗೂ ಹಾಕುವಂತಿಲ್ಲ. ಬಡಿದವಳೇ ಕುಳಿತು ತಿನ್ನಬೇಕು.

ಇವೆರಡಲ್ಲದೆ ಬರೆದಿಟ್ಟ ನಿಯಮವೊಂದಿತ್ತು. ಮೊದಲ ವರ್ಷ ಯಾರೋ ಒಬ್ಬರು ಹಿಟ್ಟು ಸಾಲದೆಂದು ಗುಟ್ಟಾಗಿ ಮೈದಾ ಬೆರೆಸಿದ್ದರು. ಗೊತ್ತಾದೊಡನೆ ಜನ ಪೊಟ್ಟಣ ಮಾರುವ ಕಿಟಕಿಯ ಮುಂದೆ ನಿಂತು, ಬಡವರಿಗೆ ಕಲಬೆರಕೆ ತಿನ್ನಿಸುತ್ತೀರೇನು ಎಂದು ಕೇಳಿದ್ದರು. ಆ ಮಾತು ಸುಶೀಲವ್ವನ ಎದೆಗೆ ನಾಟಿತು. ಅಂದೇ ಸಭೆ ಕರೆದು, ಈ ಒಲೆಗಳ ಮೇಲೆ ಜೋಳದ ಹೊರತು ಬೇರೆ ಹಿಟ್ಟು ಏರಬಾರದು ಎಂದು ಠರಾವಿನ ಪುಸ್ತಕದಲ್ಲಿ ಬರೆಯಿಸಿ, ಮೊದಲ ಸಹಿ ತಾನೇ ಹಾಕಿದ್ದಳು.

ಈಗ ಆ ನಿಯಮವೇ ಸಂಘದ ಕೊರಳಿಗೆ ಬಂದಿತ್ತು. ಜೋಳದ ಬೆಲೆ ಏರಿ, ಮತ್ತೂ ಏರಿ, ಅಕ್ಕಿಯನ್ನು ಹಿಂದೆ ಹಾಕಿಬಿಟ್ಟಿತು. ಹುಟ್ಟಿದಾಗಿನಿಂದ ಜೋಳವನ್ನು ಬಡವರ ಕಾಳೆಂದೇ ತಿಳಿದಿದ್ದ ಸುಶೀಲವ್ವನಿಗೆ ಇದು ಲೋಕ ತಲೆಕೆಳಗಾದಂತೆ ಕಾಣಿಸಿತು. ಒಂದು ಸೋಮವಾರ, ಕೆಲಸ ಮುಗಿದ ಮೇಲೆ, ಸಂಘದ ಕಾರ್ಯದರ್ಶಿ ಅನ್ನಪೂರ್ಣಾ ಅವಳ ಪಕ್ಕಕ್ಕೆ ಬಂದು ಕುಳಿತಳು. ನೆರೆಮನೆಯ ಹುಡುಗಿಯಾಗಿ ಸುಶೀಲವ್ವನ ಕಣ್ಣ ಮುಂದೆಯೇ ಬೆಳೆದವಳು, ಈಗ ನಲವತ್ತರ ಹೆಂಗಸು. ಮಾತನ್ನು ಸುತ್ತಿಬಳಸಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

“ಚಿಗವ್ವಾ, ಈ ತಿಂಗಳು ಹೆಂಗರ ತಳ್ಳಬಹುದು. ಮುಂದಿನ ತಿಂಗಳು ಆಗಂಗಿಲ್ಲ,” ಎಂದಳು. “ದರ ಏರಸಬೇಕು, ಇಲ್ಲಾ ಹಿಂದಿನ ಬುಟ್ಟಿ ಇಳಸಬೇಕು. ಐತಾರ ಸಭಾ ಐತಿ. ನಿಮ್ಮ ಬಾಯಿಂದ ಏನು ಬರ್ತೈತೋ ಅದ ಆಗೂದು.”

ದರ ಏರಿಸಿದರೆ ಕಿಟಕಿಯ ಮುಂದಿನ ಸಾಲಿನಲ್ಲಿ ಯಾರು ಯಾರು ಕಾಣೆಯಾಗುತ್ತಾರೆಂಬುದನ್ನು ಸುಶೀಲವ್ವ ಒಬ್ಬೊಬ್ಬರನ್ನಾಗಿ ನೆನೆಯಬಲ್ಲವಳಾಗಿದ್ದಳು. ಬುಟ್ಟಿಯಿಂದ ಒಯ್ಯುವವರು ಯಾರೆಂದು ಅವಳಿಗೆ ತಿಳಿದಿರಲಿಲ್ಲ. ತಿಳಿಯಬಾರದೆಂದೇ ಆ ಪದ್ಧತಿ ಇದ್ದದ್ದು. ಹಾಗಾಗಿ ಬುಟ್ಟಿ ಇಳಿಸಿದರೆ ಯಾರ ಮುಖ ಬಾಡುತ್ತದೆಂದು ಊಹಿಸುವುದೂ ಸಾಧ್ಯವಿರಲಿಲ್ಲ, ಮತ್ತು ಅದೇ ಅವಳಿಗೆ ಹೆಚ್ಚು ನೋವಾಗಿತ್ತು.

ಮರುದಿನ ಮೂರನೆಯ ದಾರಿಯೊಂದು ತಾನಾಗಿಯೇ ಬಂದು ನಿಂತಿತು. ಕಾಳಿಯ ದಂಡೆಯ ಮೇಲೆ ಪ್ರವಾಸಿಗರಿಗಾಗಿ ಕಟ್ಟಿದ ರೆಸಾರ್ಟೊಂದರ ಮ್ಯಾನೇಜರ್ ಮೌನೇಶ ಎಂಬ ಸಭ್ಯನಾದ ಯುವಕ ಬಂದು, ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಕುಳಿತನು. ದೋಣಿಯಾಟಕ್ಕೆ ಬರುವ ಪಟ್ಟಣದ ಜನಕ್ಕೆ ಅಪ್ಪಟ ಜೋಳದ ರೊಟ್ಟಿಯೇ ಬೇಕಂತೆ; ಸುಶೀಲವ್ವನವರ ರೊಟ್ಟಿಯ ಮಾತು ಹುಬ್ಬಳ್ಳಿಯವರೆಗೆ ಹೋಗಿದೆಯಂತೆ. ದಿನದ ರೊಟ್ಟಿಯನ್ನೆಲ್ಲ, ಒಂದನ್ನೂ ಬಿಡದೆ, ಕಿಟಕಿಯ ದರದ ನಾಲ್ಕು ಪಟ್ಟು ಕೊಟ್ಟು ಒಯ್ಯಲು ಅವನು ಸಿದ್ಧನಿದ್ದನು. ಕರಾರು ಇಷ್ಟೇ: ಅಪ್ಪಟ ಜೋಳ, ಮತ್ತು ಒಂದೂ ಬೇರೆ ಕಡೆ ಹೋಗಬಾರದು. ಅವನು ಹೋದ ಮೇಲೆ ಕೆಲವು ಹೆಂಗಸರ ಕಣ್ಣುಗಳಲ್ಲಿ ಆಸೆ ಮಿನುಗಿದ್ದನ್ನು ಸುಶೀಲವ್ವ ನೋಡಿದಳು, ತಪ್ಪೆನಿಸಲಿಲ್ಲ. ಮಕ್ಕಳ ಫೀಜು, ಮನೆಯ ಬಾಡಿಗೆ ಅವರಿಗೂ ಇದ್ದವು. ತನ್ನ ಎದೆಯಲ್ಲಿಯೂ ಏನೋ ಒಂದು ಉಬ್ಬಿದ್ದನ್ನು ಅವಳು ಮುಚ್ಚಿಡಲಾರಳು. ಹುಬ್ಬಳ್ಳಿಯವರೆಗೆ ಹೋದ ಮಾತು ಯಾರಿಗೆ ಸಿಹಿಯಾಗದು?

ಬುಧವಾರ ಸಂಘದ ಅಂಗಳದಲ್ಲಿ ಅಕ್ಕಿಯ ಸಂತೆ. ಹಳಿಯಾಳ ತಾಲ್ಲೂಕಿನ ತೇರಗಾಂವದ ಒಂದು ಮಜರೆಯಲ್ಲಿ, ಗದ್ದೆ ಮಾಡಿಕೊಂಡು ಕೂಲಿಗೂ ಹೋಗುವ ಮೂವತ್ತು ಮನೆಗಳವರು ಪಾಲು ಹಾಕಿ ಒಂದು ಚಿಕ್ಕ ಅಕ್ಕಿ ಗಿರಣಿ ನಡೆಸುತ್ತಿದ್ದರು. ದಲಾಲರ ಕೈಗೆ ಕೊಡದೆ ತಮ್ಮ ಅಕ್ಕಿಯನ್ನು ತಾವೇ ತಂದು ದಾಂಡೇಲಿಯ ಸಂಸಾರಗಳಿಗೆ ಮಾರುತ್ತಿದ್ದರು. ಬೆಳೆದವರಿಗೆ ಎರಡು ಕಾಸು ಹೆಚ್ಚು, ಉಣ್ಣುವವರಿಗೆ ಎರಡು ಕಾಸು ಕಡಿಮೆ. ಆ ಮೂವತ್ತು ಮನೆಗಳ ಪರವಾಗಿ ಬರುತ್ತಿದ್ದವಳು ದ್ವಾರಕಾಬಾಯಿ. ಐವತ್ತರ ಆಚೀಚಿನ ಗಟ್ಟಿ ಹೆಂಗಸು, ನಗುವಾಗಲೂ ತೂಕದ ಕಲ್ಲಿನಷ್ಟೇ ನೆಟ್ಟಗೆ ಕೂರುವವಳು. ಅನ್ನಪೂರ್ಣಾಳಿಂದ ಸಂಗತಿ ತಿಳಿದ ಅವಳು ಅಂದು ಅಕ್ಕಿಯ ಮೂಟೆಗಳ ಜೊತೆಯಲ್ಲಿ ಒಂದು ಹಿಟ್ಟಿನ ಚೀಲವನ್ನೂ ಇಳಿಸಿದಳು.

ಅಕ್ಕಿ ಮಾಡುವಾಗ ಒಡೆಯುವ ನುಚ್ಚು ತಮ್ಮಲ್ಲಿ ಮೂಟೆಗಟ್ಟಲೆ ಉಳಿಯುತ್ತದೆ, ಮುಂಡಗೋಡದ ಕೋಳಿ ಫಾರ್ಮಿನವರು ಕೇಳಿದ ದರಕ್ಕೆ ಅದನ್ನು ಎತ್ತಿ ಕೊಡುತ್ತೇವೆ, ಇದು ಆ ನುಚ್ಚಿನ ಹಿಟ್ಟು, ನಿನ್ನೆಯಷ್ಟೇ ಬೀಸಿದ್ದು, ಅರ್ಧಕ್ಕರ್ಧ ಬೆರೆಸಿದರೆ ನಿಮ್ಮ ದರ ಏರಿಸುವ ಪ್ರಮೇಯವೇ ಬರುವುದಿಲ್ಲ ಎಂದು ದ್ವಾರಕಾಬಾಯಿ ವಿವರಿಸಿದಳು. ಸುಶೀಲವ್ವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ ಕೈ ಜಾಡಿಸಿಕೊಂಡಳು.

“ಕೋಳಿಗೆ ಹಾಕೂದನ್ನ ನಮ್ಮ ಜನಕ್ಕ ಹಾಕು ಅಂತೀರೇನು, ಬಾಯಾರ?”

“ಕೋಳಿಗೆ ಹಾಕೂಕಿಂತ ಮೊದಲ ನಾವ ತಿಂತೇವ್ರಿ ಅದನ್ನ,” ಎಂದಳು ದ್ವಾರಕಾಬಾಯಿ. ಅವಳ ಮುಖದ ನಗು ಮಾಸಲಿಲ್ಲ. ಚೀಲವನ್ನೂ ಮರಳಿ ಒಯ್ಯಲಿಲ್ಲ.

ರಾತ್ರಿಯೂಟಕ್ಕೆ ಕುಳಿತಾಗ ದುರ್ಗಪ್ಪ ತನ್ನ ಬಾಯ್ಲರಿನ ಪಾಂಡಿತ್ಯವನ್ನು ಹೊರತೆಗೆದನು. ಕಲ್ಲಿದ್ದಲು ಬಾರದ ದಿನ ತಾವು ಕಟ್ಟಿಗೆ ಹಾಕುತ್ತಿದ್ದೆವು, ಕಟ್ಟಿಗೆ ಸಾಲದ ದಿನ ಹೊಟ್ಟು ಹಾಕುತ್ತಿದ್ದೆವು, ಯಾವುದನ್ನು ಹಾಕಿದರೂ ಬರುವುದು ಉಗಿಯೇ ಎಂದನು. ರೊಟ್ಟಿ ಉಗಿಯಲ್ಲವೆಂದು ಸುಶೀಲವ್ವ ಸಿಡುಕಿದಳು. ಆದರೂ ಆ ಮಾತು ತಲೆಯಲ್ಲಿ ಉಳಿಯಿತು.

ಗುರುವಾರ ಮಧ್ಯಾಹ್ನ ಎಲ್ಲರೂ ಮನೆಗೆ ಹೋದ ಮೇಲೆ ಅವಳು ಒಬ್ಬಳೇ ಒಲೆಯ ಮುಂದೆ ಕುಳಿತಳು. ಮೊದಲು ಬರಿಯ ನುಚ್ಚಿನ ಹಿಟ್ಟಿನ ಗುಣ ನೋಡೋಣವೆಂದು, ನಲವತ್ತೈದು ವರ್ಷಗಳಿಂದ ಮಾಡಿಕೊಂಡು ಬಂದ ರೀತಿಯಲ್ಲೇ ಮಾಡಿದಳು. ಪರಾತದಲ್ಲಿ ಹಿಟ್ಟು ಸುರಿದು, ನಡುವೆ ಗುಂಡಿ ಮಾಡಿ, ಕುದಿಯುವ ಎಸರು ಹೊಯ್ದು, ಅಂಗೈಯ ಬುಡದಿಂದ ನಾದಿದಳು. ಹಿಟ್ಟು ಕೂಡಿಕೊಂಡಂತೆ ಕಂಡಿತು. ಕಲ್ಲಿನ ಮೇಲಿಟ್ಟು ಬಡಿದಾಗ ಅಂಚಿನಿಂದ ಬಿರುಕು ಎದ್ದು ನಡುವಿನವರೆಗೆ ಓಡಿತು. ಎತ್ತಿ ಹಂಚಿಗೆ ಹಾಕುವುದರೊಳಗೆ ರೊಟ್ಟಿ ಮೂರು ತುಂಡಾಗಿ ಕೈಯಿಂದ ಜಾರಿತು. ಎರಡನೆಯದೂ ಹಾಗೆಯೇ ಆಯಿತು. ಹತ್ತನೆಯದೂ ಹಾಗೆಯೇ. ಎರೆಸೀಮೆಯ ಕೈ ಎಂದು ಹೆಸರಾದ ಆ ಕೈಯ ಕೆಳಗೆ, ತವರಿನ ಹಂಚಿನ ಸುತ್ತ, ಚೂರುಗಳ ಗುಪ್ಪೆ ಬಿದ್ದಿತು.

ತನ್ನ ಕೈ ತಪ್ಪಬಹುದೆಂಬ ಯೋಚನೆ ಸುಶೀಲವ್ವನಿಗೆ ಬರಲೇ ಇಲ್ಲ. ಹಿಟ್ಟು ಹಳೆಯದು, ಹೊಸದೆಂದು ಹೇಳಿ ಕೊಟ್ಟಿದ್ದಾರೆ ಎಂದು ನಿಶ್ಚಯಿಸಿ, ಅಷ್ಟನ್ನೂ ಅನ್ನಪೂರ್ಣಾಳಿಂದ ದ್ವಾರಕಾಬಾಯಿಗೆ ಫೋನು ಮಾಡಿಸಿ ಹೇಳಿಸಿದಳು. ದ್ವಾರಕಾಬಾಯಿ ಆಗಲಿ ಎಂದಷ್ಟೇ ಹೇಳಿ ಫೋನು ಇಟ್ಟಳಂತೆ. ದುರ್ಗಪ್ಪ ಚೂರುಗಳನ್ನು ಹಾಲಿನಲ್ಲಿ ಹಾಕಿಕೊಂಡು ಉಂಡನು. ರುಚಿಯಲ್ಲಿ ಹಳತು ಕಾಣಿಸುವುದಿಲ್ಲವಲ್ಲ ಎಂದು ತನ್ನಷ್ಟಕ್ಕೆ ಅಂದುಕೊಂಡನು. ಆದರೆ ಹೆಂಡತಿಗೆ ಕೇಳುವಷ್ಟು ಜೋರಾಗಿ.

ಶುಕ್ರವಾರ ಬೆಳಿಗ್ಗೆ ಹಳಿಯಾಳದ ಬಸ್ಸಿನಲ್ಲಿ ಒಂದು ಬಟ್ಟೆಯ ಗಂಟು ಬಂದಿತು. ಅನ್ನಪೂರ್ಣಾ ಎಲ್ಲರ ಮುಂದೆ ಬಿಚ್ಚಿದಳು. ಒಳಗೆ ಇಪ್ಪತ್ತು ರೊಟ್ಟಿಗಳಿದ್ದವು. ಬೆಳ್ಳಗೆ, ತೆಳ್ಳಗೆ, ನಾಲ್ಕು ಮಡಿಕೆ ಮಡಿಸಿದರೂ ಮುರಿಯದಷ್ಟು ಮೆತ್ತಗೆ. ಸುಶೀಲವ್ವ ಒಂದನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಸುತ್ತಲೂ ತಿರುಗಿಸಿದಳು. ಅಂಚಿನಲ್ಲಿ ಒಂದು ಬಿರುಕೂ ಇರಲಿಲ್ಲ.

“ಏನರ ಹೇಳಿ ಕಳಸ್ಯಾಳೇನು?” ಎಂದು ಕೇಳಿದಳು.

ಅನ್ನಪೂರ್ಣಾ ಸ್ವಲ್ಪ ಹಿಂಜರಿದಳು. “ಹೇಳ್ಯಾರ, ಚಿಗವ್ವಾ. ಹಿಟ್ಟು ಆ ಚೀಲದ ಜೋಡಿನ ಬೀಸಿದ್ದು, ಕೈ ಅಷ್ಟ ಬ್ಯಾರೆ ಅಂತ ಹೇಳು ಅಂದಾರ.”

ಇಪ್ಪತ್ತೊಂದು ಹೆಂಗಸರು ಹಂಚಿನ ಮೇಲಿನ ರೊಟ್ಟಿಯನ್ನು ನೋಡಿದರೇ ಹೊರತು ಸುಶೀಲವ್ವನ ಮುಖವನ್ನು ನೋಡಲಿಲ್ಲ. ಅವಳು ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು, ನಿಧಾನವಾಗಿ ಅಗಿದಳು. ಕೋಳಿಗೆ ಹಾಕುವ ಪದಾರ್ಥವೆಂದು ತಾನು ಕೈ ಜಾಡಿಸಿದ್ದು ಅವಳಿಗೆ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ನೆಟ್ಟಗೆ ಬಾಳುವ ಹೆಂಗಸೊಬ್ಬಳ ಮೇಲೆ ಸುಳ್ಳಿನ ಆರೋಪ ಹೊರಿಸಿದ್ದು ನೆನಪಾಯಿತು. ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ಹನ್ನೊಂದರ ಬಸ್ಸು ಹತ್ತಿದಳು.

ಹಳಿಯಾಳದಲ್ಲಿ ಬಸ್ಸು ಬದಲಿಸಿ ತೇರಗಾಂವದಲ್ಲಿ ಇಳಿದು, ಗದ್ದೆಗಳ ನಡುವಿನ ದಾರಿ ಹಿಡಿದು ನಡೆದಾಗ, ಮಜರೆಯ ಚಿಕ್ಕ ಗಿರಣಿ ದೂರದಿಂದಲೇ ಕೇಳಿಸಿತು. ಬಾಗಿಲಲ್ಲಿ ಆ ವಾರದ ಭತ್ತ ಯಾರು ಯಾರದೆಂದು ಸೀಮೆಸುಣ್ಣದಲ್ಲಿ ಬರೆದ ಹಲಗೆ. ಒಳಗೆ ತಲೆಯ ಮೇಲೆಲ್ಲ ತೌಡಿನ ಧೂಳು ಹೊತ್ತ ದ್ವಾರಕಾಬಾಯಿ. ಅವಳು ಬೆರಗಾದುದನ್ನು ತೋರಿಸದೆ, ಒಳಗೆ ಕರೆದು, ಚಹಾ ಕಾಸಿ ಕೊಟ್ಟಳು. ಸುಶೀಲವ್ವ ಬಟ್ಟಲನ್ನು ಕೈಯಲ್ಲಿ ಹಿಡಿದು ಕುಳಿತಳೇ ಹೊರತು ಕುಡಿಯಲಿಲ್ಲ.

“ನಿಮ್ಮ ಹಿಟ್ಟು ಹಳೇದು ಅಂದೆ. ತಪ್ಪಾತು,” ಎಂದಳು.

“ಅದನ್ನ ಹೇಳಾಕ ಎರಡು ಬಸ್ ಹತ್ತಿ ಬಂದ್ರ್ಯಾ ಅವ್ವಾರ? ಫೋನಿನ್ಯಾಗ ಅಂದ ಮಾತು, ಫೋನಿನ್ಯಾಗ ಹಿಂದ ತಗೋಬೇಕಾಗಿತ್ತು. ಬಸ್ಸಿನ ರೊಕ್ಕರ ಉಳೀತಿತ್ತು.”

“ಹೆಂಗಸರಿಗೆ ಬಸ್ ಪುಕ್ಕಟ ಐತೆಲ್ಲ.”

ದ್ವಾರಕಾಬಾಯಿ ಮೊದಲ ಸಲ ಬಾಯಿ ತುಂಬ ನಕ್ಕಳು. ಸುಶೀಲವ್ವ ಚಹಾ ಕುಡಿದು ಬಟ್ಟಲನ್ನು ಕೆಳಗಿಟ್ಟಳು. “ತಪ್ಪು ಹೇಳಾಕಷ್ಟ ಬಂದಿಲ್ಲ. ಕಲಿಯಾಕ ಬಂದೇನಿ,” ಎಂದಳು. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಕಷ್ಟದ್ದಾಗಿತ್ತು. ಇಪ್ಪತ್ತೊಂದು ಹೆಂಗಸರ ರೊಟ್ಟಿಯನ್ನು ಬೆಳಕಿಗೆ ಹಿಡಿದವಳು ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಇನ್ನೊಬ್ಬಳ ಒಲೆಯ ಮುಂದೆ ಮಣೆ ಎಳೆದುಕೊಂಡು ಕುಳಿತಳು.

ದ್ವಾರಕಾಬಾಯಿ ಪಾತ್ರೆಯಲ್ಲಿ ನೀರು ಕುದಿಸಿದಳು. ಕುದಿ ಏರಿದಾಗ ಒಲೆಯ ಮೇಲಿದ್ದಂತೆಯೇ ಹಿಟ್ಟನ್ನು ಅದರೊಳಗೆ ಸುರಿದು, ಕೋಲಿನಿಂದ ತಿರುವಿ, ಮುಚ್ಚಿಟ್ಟು, ಹಬೆಯಲ್ಲಿ ಬೇಯಲು ಬಿಟ್ಟಳು.

“ನೀವು ಎಸರನ್ನ ಹಿಟ್ಟಿಗೆ ಹಾಕ್ತೀರಿ. ನಾವು ಹಿಟ್ಟನ್ನ ಎಸರಿಗೆ ಹಾಕ್ತೇವಿ,” ಎಂದಳು. “ಅಕ್ಕಿಗೆ ಜಿಗಿ ಇಲ್ಲ ಅವ್ವಾರ. ಒಮ್ಮಿ ಬೆಂದ ಮ್ಯಾಲ ಅದಕ್ಕ ಜಿಗಿ ಬರ್ತೈತಿ.”

ಅಷ್ಟೇ ವ್ಯತ್ಯಾಸ. ಜೋಳದ ನಾಡಿನ ಕೈಗೆ ಅದು ಹೊಳೆಯುವಂತಿರಲಿಲ್ಲ. ಹೇಳಿದ ಮೇಲೆ ಮರೆಯುವಂತೆಯೂ ಇರಲಿಲ್ಲ. ಬೆಂದ ಹಿಟ್ಟನ್ನು ಬಿಸಿಬಿಸಿಯಾಗಿಯೇ ನಾದಿ ಬಡಿದಾಗ ನಾಲ್ಕನೆಯ ರೊಟ್ಟಿಗೆ ಸುಶೀಲವ್ವನ ಅಂಚು ನಿಂತಿತು. ಆದರೆ ಬರಿಯ ಅಕ್ಕಿಯ ರೊಟ್ಟಿಯಲ್ಲಿ ಕಾಗದದ ಗಿರಣಿಯ ಆಳಿನ ಹೊಟ್ಟೆ ಎಂಟು ತಾಸು ನಿಲ್ಲದೆಂದು ಅವಳಿಗೆ ಅನಿಸಿತು. ಜೋಳದ ತ್ರಾಣ ಬೇಕು, ನುಚ್ಚಿನ ಬೆಲೆ ಬೇಕು. ತಾನು ಚೀಲದಲ್ಲಿ ತಂದಿದ್ದ ಜೋಳದ ಹಿಟ್ಟನ್ನು ನುಚ್ಚಿನ ಹಿಟ್ಟಿಗೆ ಮೊದಲೇ ಕೂಡಿಸಿ ಬೇಯಿಸಿದರೆ ಜೋಳ ಗಂಟಾಯಿತು. ಆಗ ಅವಳು ಬೆಂದ ನುಚ್ಚಿನ ಹಿಟ್ಟನ್ನು ಪರಾತಕ್ಕೆ ಹಾಕಿ, ಕೈ ತಾಳುವಷ್ಟು ಆರಿದ ಮೇಲೆ, ಒಣ ಜೋಳದ ಹಿಟ್ಟನ್ನು ಹಿಡಿಹಿಡಿಯಾಗಿ ಅದರೊಳಗೆ ನಾದುತ್ತ ಹೋದಳು. ಇದು ದ್ವಾರಕಾಬಾಯಿಗೂ ಹೊಸದು. ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗಿ ನೋಡಿದರು. ಮೊದಲ ಎರಡು ಕೆಟ್ಟವು. ಮೂರನೆಯದು ಹಂಚಿನ ಮೇಲೆ ಒಂದು ಕಡೆಯಿಂದ ಉಸಿರು ತೆಗೆದುಕೊಂಡು, ಮೆಲ್ಲಗೆ, ಪೂರ್ತಿಯಾಗಿ ಉಬ್ಬಿತು.

ಆದಿತ್ಯವಾರದ ಸಭೆಗೆ ಇಪ್ಪತ್ತೆರಡು ಮಂದಿಯೂ ಬಂದಿದ್ದರು. ಉತ್ತರ ಕೇಳಿಕೊಂಡು ಹೋಗಲು ಮೌನೇಶ ಬಾಗಿಲ ಬಳಿ ಕುಳಿತಿದ್ದನು. ಸುಶೀಲವ್ವ ಮೊದಲು ಎಲ್ಲರ ಕೈಗೂ ಒಂದೊಂದು ಚೂರು ಹೊಸ ರೊಟ್ಟಿ ಕೊಡಿಸಿದಳು. ಅವರು ತಿಂದು ಮುಗಿಸುವವರೆಗೂ ಕಾದಳು. ಆಮೇಲೆ ಎದ್ದು ನಿಂತು, ಗುರುವಾರ ತಾನು ಒಬ್ಬಳೇ ರೊಟ್ಟಿ ಬಡಿದು ಕೆಡಿಸಿದ್ದನ್ನೂ, ತನ್ನ ಕೈಯ ತಪ್ಪನ್ನು ಹಿಟ್ಟಿನ ಮೇಲೆ ಹಾಕಿದ್ದನ್ನೂ, ಹಿಟ್ಟು ಕೊಟ್ಟವಳ ಮನೆಗೆ ಹೋಗಿ ಕಲಿತು ಬಂದದ್ದನ್ನೂ, ಯಾವುದನ್ನೂ ಬಿಡದೆ ಹೇಳಿದಳು. ಕಡೆಗೆ ಠರಾವಿನ ಪುಸ್ತಕ ತರಿಸಿ, ತಾನು ಬರೆಯಿಸಿದ ನಿಯಮವನ್ನು ತಾನೇ ಅಳಿಸುತ್ತೇನೆ, ಉಳಿದವರು ಒಪ್ಪಬೇಕು ಎಂದು ಕೇಳಿಕೊಂಡಳು.

ಐದನೆಯ ಒಲೆಯ ಲಕ್ಷ್ಮೀದೇವಿ ಒಪ್ಪಲು ಸಿದ್ಧಳಿರಲಿಲ್ಲ. ಮೊದಲ ವರ್ಷ ಕಿಟಕಿಯ ಮುಂದೆ ಬೈಗುಳ ತಿಂದವಳು ಅವಳು. ಜನ ಮತ್ತೆ ಕಲಬೆರಕೆ ಎನ್ನುತ್ತಾರೆ, ಆಗ ಯಾರು ಮುಂದೆ ನಿಲ್ಲುತ್ತೀರಿ ಎಂದು ಕೇಳಿದಳು. ಕೇಳತಕ್ಕ ಮಾತೇ ಅದು.

“ನಾ ನಿಂದರ್ತೇನಿ,” ಎಂದಳು ಸುಶೀಲವ್ವ. “ಮುಚ್ಚಿಟ್ಟು ಬೆರಸಿದ್ರ ಕಲಬೆರಕಿ, ಲಕ್ಷ್ಮೀ. ಬೋರ್ಡಿನ ಮ್ಯಾಲ ಬರದು ಬೆರಸಿದ್ರ ಅದು ಅಡಗಿ. ಏನೇನು ಹಾಕೇವಿ ಅಂತ ದಿನಾ ಬೆಳಗ್ಗೆ ಕಿಟಕಿ ಮುಂದ ಬರಿಯೂಣು. ಬ್ಯಾಡಂದವರು ತಿರುಗಿ ಹೋಗಲಿ.”

ಮೌನೇಶನ ಕಡೆ ತಿರುಗಿ ಅವಳು ಕೈ ಮುಗಿದಳು. ಅವನು ಕೊಟ್ಟ ಮರ್ಯಾದೆಯನ್ನು ತಾನು ಮರೆಯುವುದಿಲ್ಲವೆಂದೂ, ಆದರೆ ಕಿಟಕಿಯನ್ನೂ ಬುಟ್ಟಿಯನ್ನೂ ಮುಚ್ಚಿ ಅದನ್ನು ಸ್ವೀಕರಿಸಲಾರೆನೆಂದೂ ತಿಳಿಸಿದಳು. ಸಾಲು ಕರಗಿದ ಮೇಲೆ ಉಳಿದ ರೊಟ್ಟಿ ಬೇಕಾದರೆ ಒಯ್ಯಬಹುದು, ಈ ರೊಟ್ಟಿಯೇ, ಬೋರ್ಡಿನಲ್ಲಿ ಬರೆದಂಥದೇ. ಅವನು ಕೈಯಲ್ಲಿದ್ದ ಚೂರನ್ನು ಮುಗಿಸಿ, ನಮ್ಮ ಅತಿಥಿಗಳಿಗೆ ಇದರ ಕತೆಯನ್ನೂ ಹೇಳಬಹುದಲ್ಲ ಎಂದು ನಕ್ಕು, ದಿನಕ್ಕೆ ಐವತ್ತಾದರೂ ಇಡಿರೆಂದು ಹೇಳಿ ಹೋದನು. ಲಕ್ಷ್ಮೀದೇವಿ ಇನ್ನೊಂದು ಚೂರು ಕೇಳಿ ತಿಂದಳು. ಆಮೇಲೆ ಕೈ ಎತ್ತಿದಳು. ಉಳಿದ ಕೈಗಳು ಅದಕ್ಕೂ ಮೊದಲೇ ಎದ್ದಿದ್ದವು.

ಸೋಮವಾರ ಭೋಂಗಾ ಊದುವ ಮೊದಲು ಕಿಟಕಿಯ ಪಕ್ಕದಲ್ಲಿ ಕರಿಹಲಗೆ ತೂಗಿತು: ಅರ್ಧ ಜೋಳ, ಅರ್ಧ ತೇರಗಾಂವದ ಅಕ್ಕಿ ನುಚ್ಚು. ದರ ಅದೇ. ಹಲಗೆಯ ಮಗ್ಗುಲಲ್ಲಿ ಸುಶೀಲವ್ವ ನಿಂತಳು. ಸಾಲಿನ ಮುಂದೆ ಇದ್ದವನು ಬೆಳಗಾವಿ ಜಿಲ್ಲೆಯ ಸಾತಪ್ಪ. ಗಿರಣಿಯ ಅಂಗಳದಲ್ಲಿ ಬಿದಿರು ಇಳಿಸುವ ಗುತ್ತಿಗೆಯ ಆಳು, ಉಪ್ಪು ಒಂದು ಹರಳು ಹೆಚ್ಚಾದರೂ ಮೂರು ದಿನ ಆಡಿಕೊಳ್ಳುವವನು. ಅವನು ಹಲಗೆಯನ್ನು ಗಟ್ಟಿಯಾಗಿ, ಹಿಂದಿನವರಿಗೂ ಕೇಳುವಂತೆ ಓದಿದನು. ಪೊಟ್ಟಣ ಬಿಚ್ಚಿ, ಅಲ್ಲಿಯೇ ನಿಂತು, ಒಂದು ರೊಟ್ಟಿಯನ್ನು ಪೂರ್ತಿ ತಿಂದು ಮುಗಿಸಿದನು. ಅವನ ಹಿಂದಿನ ಮೂವತ್ತು ಮಂದಿಯೂ ಒಳಗಿನ ಇಪ್ಪತ್ತೊಂದು ಮಂದಿಯೂ ಅಷ್ಟು ಹೊತ್ತು ಅವನ ದವಡೆಯನ್ನೇ ನೋಡುತ್ತಿದ್ದರು.

“ಏನ್ರಿ ಅವ್ವಾರ,” ಎಂದನು ಸಾತಪ್ಪ. “ಹನ್ನೆರಡು ವರ್ಷ ಆತು, ನಾ ಬೆಳಗಾಂವ್ಯಾಂವ ಅಂತ ಹೇಳಿಕೋತ ಬಂದಿದ್ದೆ. ಇವತ್ತ ನನ್ನ ಈ ಸೀಮಿಯಾಂವನ್ನ ಮಾಡಿಬಿಟ್ರಿ.”

“ಚಲೋ ಆಗೇತೋ ಇಲ್ಲೋ, ಅದನ್ನಷ್ಟ ಹೇಳು.”

“ಇನ್ನೊಂದು ಪೊಟ್ಟಣ ಕೊಡ್ರಿ. ಮನಿಯಾಕಿಗೆ ತೋರಸಬೇಕು, ರೊಟ್ಟಿ ಅಂದ್ರ ಹೆಂಗಿರ್ತೈತಿ ಅಂತ.”

ಸಾಲು ನಕ್ಕಿತು, ನಕ್ಕ ಸಾಲು ಮುಂದೆ ಸರಿಯಿತು. ತಿರುಗಿ ಹೋದವರು ಇಬ್ಬರು. ಅವರಲ್ಲಿ ಒಬ್ಬ ಅರ್ಧ ರಸ್ತೆಯಿಂದ ಮರಳಿ ಬಂದನು.

ಹತ್ತು ಗಂಟೆಗೆ ಹಿಂಬಾಗಿಲ ಬುಟ್ಟಿ ಇಳಿಸುವ ಪಾಳಿ ಅಂದು ಸುಶೀಲವ್ವನದಾಗಿತ್ತು. ಇಪ್ಪತ್ತೆರಡು ಮೊದಲ ರೊಟ್ಟಿಗಳನ್ನು ಇಟ್ಟಿದ್ದ ಬುಟ್ಟಿಯನ್ನು ಮೊಳೆಯಿಂದ ಎತ್ತುವಾಗಲೇ ಅದರ ಹಗುರ ಅವಳ ಕೈಗೆ ತಿಳಿಯಿತು. ಒಳಗೆ ಒಂದು ಚೂರೂ ಇರಲಿಲ್ಲ. ಕೊನೆಯ ರೊಟ್ಟಿ ಒಯ್ದವರು ಹೊದಿಸಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಪ್ಪವಾಗಿ ಇಟ್ಟು ಹೋಗಿದ್ದರು. ಅವಳು ಬುಟ್ಟಿಯನ್ನು ಎದೆಗವಚಿಕೊಂಡು ಒಂದು ಗಳಿಗೆ ಅಲ್ಲಿಯೇ ನಿಂತಳು.

ಒಳಗೆ ಬಂದಾಗ ದ್ವಾರಕಾಬಾಯಿ ಹೊಸ ಹಿಟ್ಟಿನ ಚೀಲಗಳನ್ನು ಇಳಿಸಿ ಮುಗಿಸಿದ್ದಳು. ಮುಂಡಗೋಡದ ಕೋಳಿಗಳು ಇನ್ನು ಮೇಲೆ ಬೇರೆ ಏನಾದರೂ ನೋಡಿಕೊಳ್ಳಬೇಕು ಎಂದು ಅವಳು ಅನ್ನಪೂರ್ಣಾಳಿಗೆ ಹೇಳುತ್ತಿದ್ದಳು. ಹಾಗೆಯೇ ನಡೆದು ಬಂದು, ಮೊದಲನೆಯ ಒಲೆಯ ಪಕ್ಕದಲ್ಲಿ ಸುಶೀಲವ್ವ ಕಡೆಯದಾಗಿ ಬಡಿದಿಟ್ಟಿದ್ದ ರೊಟ್ಟಿಯನ್ನು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಸುತ್ತಲೂ ತಿರುಗಿಸಿದಳು. ಪಾತ್ರೆ ತೊಳೆಯುತ್ತಿದ್ದವರ ಕೈಗಳು ನಿಂತವು. ಸಂಘ ಹುಟ್ಟಿದ ಮೇಲೆ ಆ ರೊಟ್ಟಿಗೆ ಯಾರೂ ಬೆಳಕು ಹಿಡಿದಿರಲಿಲ್ಲ.

“ಇಲ್ಲೊಂದು ಕಡೆ ಕೂದಲೆಳಿಯಷ್ಟು ಒಡದೈತಿ, ಅವ್ವಾರ,” ಎಂದಳು ದ್ವಾರಕಾಬಾಯಿ.

ಸುಶೀಲವ್ವ ಹತ್ತಿರ ಹೋಗಿ ನೋಡಿದಳು. ಒಡೆದಿತ್ತು. ಅವಳು ರೊಟ್ಟಿಯನ್ನು ತೆಗೆದುಕೊಂಡು, ಮಣೆ ಎಳೆದುಕೊಂಡು ಕುಳಿತು, ಚಟ್ನಿ ಹಾಕಿಸಿಕೊಂಡಳು. ಇಪ್ಪತ್ತೊಂದು ಹೆಂಗಸರ ಎದುರಿಗೆ, ತವರಿನ ಹಂಚಿನ ಪಕ್ಕದಲ್ಲಿ, ತಾನೇ ಮಾಡಿದ ಪದ್ಧತಿಯಂತೆ, ಅಂಚು ಒಡೆದ ಆ ರೊಟ್ಟಿಯನ್ನು ರಾಜಗಾಂಭೀರ್ಯದಿಂದ ತಿನ್ನತೊಡಗಿದಳು. ಬಹಳ ರುಚಿಯಾಗಿತ್ತು. ಅರ್ಧ ಮುರಿದು ದ್ವಾರಕಾಬಾಯಿಯ ಕೈಗೆ ಕೊಟ್ಟಳು.